ಎದುರುಮನೆ ಅಕ್ಕ ಕೊಟ್ಟ ಚುನಾವಣೆಯ ತಂತಿಗಳು

ಕೈ ಎಷ್ಟು ಉಜ್ಜಿ ತೊಳೆದರೂ ತುಕ್ಕಿನ ವಾಸನೆ ಹೋಗಲಿಲ್ಲ. ಮೊನ್ನೆ ಶನಿವಾರ ಮನೆ ಮುಂದಿನ ಪಾತಿಯಲ್ಲಿ ಒಣಗಿಹೋಗಿದ್ದ ಬಟಾಣಿ ಬಳ್ಳಿಗಳನ್ನು ಕಿತ್ತು, ಅವಕ್ಕೆ ಆಸರೆಯಾಗಿದ್ದ ಕಬ್ಬಿಣದ ತಂತಿಗಳನ್ನು ಒಂದೊಂದಾಗಿ ಮಣ್ಣಿನಿಂದ ಎಳೆದೆ. ಸಣ್ಣ ಏಣಿಯ ಹಾಗಿರುವ ತಂತಿಗಳು, ಎರಡು ಕಾಲು, ನಡುವೆ ಅಡ್ಡಕಡ್ಡಿ. ಇಲ್ಲಿ ಅಮೆರಿಕದಲ್ಲಿ ಚುನಾವಣೆ ಬಂತೆಂದರೆ ರಸ್ತೆ ಬದಿಯ ಹುಲ್ಲಿನಲ್ಲಿ ಅಭ್ಯರ್ಥಿಗಳ ಹೆಸರಿನ ಫಲಕಗಳು ಅಣಬೆಗಳ ಹಾಗೆ ಏಳುತ್ತವೆ. ಆ ಫಲಕಗಳನ್ನು ನಿಲ್ಲಿಸುವ ತಂತಿಗಳು ಇವು. ನನ್ನ ಬಳಿ ಹನ್ನೆರಡು ಇವೆ. ಹನ್ನೆರಡೂ ಎದುರುಮನೆ ಅಕ್ಕನವು.

ಅಂಗೈ ಮೂಗಿನ ಹತ್ತಿರ ಹಿಡಿದರೆ ಆ ವಾಸನೆಯ ಹಿಂದೆಯೇ ಅವರ ದನಿಯೂ ಬರುತ್ತದೆ... "ಏನ್ ತಮ್ಮಾ, ಊಟ ಆತೇನು?"

ಅವರು ಧಾರವಾಡದ ಕಡೆಯವರು. ಮದುವೆಯಾದ ಹೊಸದರಲ್ಲೇ ಗಂಡನ ಜೊತೆ ಇಲ್ಲಿಗೆ ಬಂದವರು. ಗಂಡ ಎವರೆಟ್‌ನಲ್ಲಿ ವಿಮಾನ ಕಾರ್ಖಾನೆಯ ಇಂಜಿನಿಯರ್ ಆಗಿದ್ದರಂತೆ, ನಾನು ನೋಡಿಲ್ಲ. ನಾವು ಆ ಬೀದಿಗೆ ಬರುವ ಮೊದಲೇ ತೀರಿಕೊಂಡಿದ್ದರು. ಅಕ್ಕ ಯೂನಿವರ್ಸಿಟಿಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಇಲ್ಲಿ ಅಷ್ಟು ವರ್ಷ ಇದ್ದರೂ ಅವರ ಬಾಯಲ್ಲಿ ಧಾರವಾಡ ಒಂದಿಷ್ಟೂ ಸವೆದಿರಲಿಲ್ಲ. ಶಾಲೆಗೆ ಸಾಲಿ ಅನ್ನುವರು, ಬಟಾಣಿಗೆ ವಟಾಣಿ.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಪಾವಗಡದ ಲೈನಿನ ಖಾಸಗಿ ಬಸ್ಸಿಗೆ ಕ್ಲೀನರ್ ಆಗಿ ಹತ್ತಿದೆ, ಡ್ರೈವರ್ ಆಗಿ ಇಳಿದೆ. ನನ್ನ ಹೆಂಡತಿ ನರ್ಸ್. ಅವಳ ಕೆಲಸದ ಮೇಲೆ ನಾವು ಇಲ್ಲಿಗೆ ಬಂದದ್ದು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆದರೆ ಕೂತು ತಿಂದವನು ನಾನಲ್ಲ. ಬಂದ ಎರಡನೇ ವರ್ಷವೇ ಲೈಸೆನ್ಸ್ ಪರೀಕ್ಷೆ ಪಾಸು ಮಾಡಿ ಶಾಲೆಯ ಹಳದಿ ಬಸ್ಸು ಹತ್ತಿದೆ. ಅಂದಿನಿಂದ ಇಂದಿನವರೆಗೆ ನನ್ನ ಬಸ್ಸು ತಡವಾಯಿತು ಎಂದು ಒಬ್ಬ ತಾಯಿಯೂ ಫೋನ್ ಮಾಡಿಲ್ಲ.

ಅಕ್ಕನಿಗೆ ನನ್ನ ಕೆಲಸದ ಬಗ್ಗೆ ಕೇಳುವುದೆಂದರೆ ಬಲು ಇಷ್ಟ. ಒಂದು ದಿನ ಅವರ ಮನೆಯ ಬೇಲಿಯ ಹತ್ತಿರ ನಿಂತು ಹೇಳಿದ್ದೆ, ಮಕ್ಕಳೆಲ್ಲ ಇಳಿದ ಮೇಲೆ ನಾವು ಸುಮ್ಮನೆ ಬಸ್ಸು ಲಾಕ್ ಮಾಡಿ ಹೋಗುವ ಹಾಗಿಲ್ಲ, ಕಟ್ಟಕಡೆಯ ಸೀಟಿನವರೆಗೂ ನಡೆದು ಬಗ್ಗಿ ನೋಡಬೇಕು, ಯಾವುದಾದರೂ ಮಗು ನಿದ್ದೆ ಹೋಗಿ ಉಳಿದುಬಿಟ್ಟಿರುತ್ತದೆ ಎಂದು. ಅಕ್ಕ ಬೇಲಿಯ ಮೇಲೆ ಕೈಯೂರಿ ಕೇಳಿಸಿಕೊಂಡರು. ಆಮೇಲೆ, "ಹಿಂದಿನ ಸೀಟಿನ ತನಕಾ ನಡದು ನೋಡೋದು. ಸಾಲಿ ಬೋರ್ಡಿನ ಕೆಲಸಾನೂ ಇಷ್ಟ ನೋಡಪಾ. ಆದರ ಅಲ್ಲಿ ಯಾರೂ ನೋಡಂಗಿಲ್ಲ," ಅಂದರು.

ಆ ವರ್ಷವೇ ಅವರು ಊರಿನ ಶಾಲೆಗಳನ್ನೆಲ್ಲ ನಡೆಸುವ ಸ್ಕೂಲ್ ಬೋರ್ಡಿಗೆ ನಿಂತದ್ದು. ನಮ್ಮವರಲ್ಲಿ ಬಹಳ ಜನಕ್ಕೆ ಅಂಥದ್ದೊಂದು ಬೋರ್ಡು ಇದೆ, ಅದಕ್ಕೆ ಚುನಾವಣೆ ನಡೆಯುತ್ತದೆ ಎಂಬುದೇ ಗೊತ್ತಿರಲಿಲ್ಲ. ನನಗೂ ಗೊತ್ತಿದ್ದದ್ದು ಅಷ್ಟಕ್ಕಷ್ಟೇ. ಕಣ್ಣಿನ ಆಪರೇಶನ್ ಆದ ಮೇಲೆ ಅಕ್ಕ ಕಾರು ಓಡಿಸುವುದನ್ನು ಬಿಟ್ಟಿದ್ದರು. "ಶನಿವಾರ ಶನಿವಾರ ನನಗ ಸಾರಥಿ ಆಗ್ತೀಯೇನೋ?" ಎಂದು ಕೇಳಿದರು. ಆಗಲಿ ಅಂದೆ.

ಅವರ ಪ್ರಚಾರ ನೋಡಿಕೊಳ್ಳಲು ಒಬ್ಬ ಅಮೆರಿಕನ್ ಹೆಂಗಸು ಇದ್ದಳು. ಬಹಳ ಚುರುಕು. ಓಟು ಇರುವವರ ಮನೆಗಳ ಪಟ್ಟಿ ಕೊಟ್ಟು, ಒಂದೊಂದು ಬಾಗಿಲಿಗೆ ಎರಡೇ ನಿಮಿಷ, ಕಾಗದ ಕೊಡಿ, ನಗಿ, ಮುಂದಿನ ಮನೆಗೆ ಹೋಗಿ ಎಂದು ಹೇಳಿಕೊಟ್ಟಳು. ಅಕ್ಕ ತಲೆ ಆಡಿಸಿದರು. ಮೊದಲನೇ ಶನಿವಾರ ಹೊರಟೆವು. ಸಂಜೆಯ ಹೊತ್ತಿಗೆ ನಾವು ಮುಗಿಸಿದ್ದು ನಾಲ್ಕು ಮನೆ.

ಏಕೆಂದರೆ ಅಕ್ಕ ಪಟ್ಟಿಯನ್ನು ಕಾರಿನಲ್ಲೇ ಬಿಟ್ಟು ನೇರವಾಗಿ ಗುಡ್ಡದ ಮೇಲಿನ ದೊಡ್ಡ ಅಪಾರ್ಟ್‌ಮೆಂಟಿಗೆ ನಡೆದಿದ್ದರು. ಅಲ್ಲಿರುವವರೆಲ್ಲ ಬೆಲ್ವ್ಯೂನ ಸಾಫ್ಟ್‌ವೇರ್ ಕಂಪನಿಗಳಿಗೆ ಕೆಲಸಕ್ಕೆ ಹೋಗುವ ನಮ್ಮ ಕಡೆಯ ಹುಡುಗರು, ತೆಲುಗರು, ತಮಿಳರು. ಬಾಗಿಲು ತೆಗೆದರೆ ಹೊಸ್ತಿಲಲ್ಲಿ ನಿಲ್ಲಿಸಿ ಮಾತಾಡಿಸುವುದು ನಮ್ಮಲ್ಲಿ ಉಂಟೇ? "ಒಳಗ್ ಬನ್ನಿ ಆಂಟಿ, ಕಾಫಿನಾ ಟೀನಾ?" ಕಾಫಿಯ ಜೊತೆ ಚಕ್ಕುಲಿ, ಏಳುವಾಗ ಕುಂಕುಮ, ಒಂದು ಮನೆಯಲ್ಲಂತೂ ರವಿಕೆ ಕಣ. ಎರಡು ನಿಮಿಷ ಎಲ್ಲಿಂದ ಬರಬೇಕು?

ಅಕ್ಕನ ಕ್ರಮ ಒಂದೇ. ಕೂತ ಮೇಲೆ ತಮ್ಮ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. "ನಿಮ್ಮ ಕೂಸಿನ ಸಾಲಿ ಹೆಂಗ ನಡದದ?" ಎಂದು ಕೇಳಿ ಚೀಲದಿಂದ ಒಂದು ನೋಟ್‌ಬುಕ್ ತೆಗೆಯುವರು. ಆ ತಾಯಿ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದುಕೊಳ್ಳುವರು. ಮುಗಿದ ಮೇಲೆ ಕನ್ನಡಕ ಸರಿಮಾಡಿಕೊಂಡು ಅವಳಿಗೇ ಓದಿ ಹೇಳುವರು. "ನೀ ಹೇಳಿದ್ದು ಇದೇ ಹೌದಲ್ಲವ್ವಾ? ಏನರ ಬಿಟ್ಟೇನೇನು?" ಇಲ್ಲ ಅಂದರೆ ಮುಂದಕ್ಕೆ, ಬಿಟ್ಟಿದ್ದರೆ ಸೇರಿಸಿ ಮತ್ತೆ ಓದುವುದು. ತಾವು ಹೇಳಿದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳುವಾಗ ಆ ಹೆಣ್ಣುಮಕ್ಕಳ ಮುಖ ನೋಡಬೇಕಿತ್ತು. ಯಾರೋ ಮೊದಲ ಸಲ ತಮ್ಮ ಮಾತನ್ನು ಮಡಿಸಿ ಇಟ್ಟುಕೊಂಡ ಹಾಗೆ...

ನನಗೆ ಮಾತ್ರ ಆ ಸೋಫಾಗಳ ಮೇಲೆ ಕೂರುವುದು ಕಷ್ಟವಾಗುತ್ತಿತ್ತು. "ಅಣ್ಣ, ನೀವ್ ಯಾವ ಕಂಪನಿ?" ಎಂದು ಗಂಡಸರು ಕೇಳುವರು. "ಟ್ರಾನ್ಸ್‌ಪೋರ್ಟೇಶನ್," ಎಂದು ಹೇಳಿ ಚಕ್ಕುಲಿ ಮುರಿಯುತ್ತಿದ್ದೆ. ಎರಡನೇ ಸಲ ಹಾಗೆ ಅಂದಾಗ ಅಕ್ಕ ಬರೆಯುವುದನ್ನು ನಿಲ್ಲಿಸಿ, "ನಿಮ್ಮ ಮಕ್ಕಳ ಬಸ್ ಓಡಸಾಂವ ಇವನ," ಅಂದರು. ಆ ಗಂಡಸು ಎದ್ದು ಬಂದು ಕೈ ಕುಲುಕಿದ. ಒಳಗಿನಿಂದ ಅವನ ಮಗಳು ಬಗ್ಗಿ ನೋಡಿ ಇಂಗ್ಲಿಷಿನಲ್ಲಿ ನನಗೆ ಗುಡ್ ಮಾರ್ನಿಂಗ್ ಹೇಳಿದಳು, ಮಧ್ಯಾಹ್ನ ಮೂರು ಗಂಟೆಗೆ. ಬಸ್ಸಿನಲ್ಲಿ ದಿನಾ ಹೇಳುವುದು ಅದನ್ನೇ ಅಲ್ಲವೇ.

ಒಂದು ಮನೆಯಲ್ಲಿ ಲೋಟ ಒಳಗಿಡಲು ಅಡುಗೆಮನೆಗೆ ಹೋದಾಗ ಆ ಮನೆಯಾಕೆ ಮೆಲ್ಲಗೆ ಅಂದಳು, "ಅಣ್ಣ, ನಾವು ವೀಸಾದಲ್ಲಿರೋರು, ನಮಗೆ ಓಟೇ ಇಲ್ಲ. ಆಂಟಿ ಇಷ್ಟ್ ಹೊತ್ತು ಕೂತ್ಕೊಂಡ್ರು, ಹೆಂಗ್ ಹೇಳೋದು? ಹಾಕ್ತೀವಿ ಅಂದ್ಬಿಟ್ಟೆ."

ನಾನು ಲೆಕ್ಕ ಹಾಕಿದೆ. ಆವರೆಗೆ ಕಾಫಿ ಕುಡಿದ ಮನೆಗಳಲ್ಲಿ ಓಟು ಇದ್ದದ್ದು ಒಂದರಲ್ಲೋ ಎರಡರಲ್ಲೋ. ಎಲ್ಲರೂ ಮುಖದಾಕ್ಷಿಣ್ಯಕ್ಕೆ ಖಂಡಿತ ಹಾಕುತ್ತೇವೆ ಎಂದವರೇ. ಕಾರಿನಲ್ಲಿ ಅಕ್ಕನಿಗೆ ಹೇಳಿದೆ. ಅವರು ನಕ್ಕುಬಿಟ್ಟರು.

"ನನಗ ಗೊತ್ತಿಲ್ಲೇನೋ ಹುಚ್ಚಪ್ಪಾ? ನಾನೂ ಹಂಗ ಬಂದಾಕಿ. ಓಟಿಲ್ಲಂದ್ರ ಮಕ್ಕಳಿಲ್ಲೇನು ಅವರಿಗೆ?"

"ಗೆಲ್ಲೋದ್ ಬ್ಯಾಡ್ವಾ ಅಕ್ಕ?"

"ಬೇಕಪಾ. ಆದರ ಕೇಳಲಾರದ ಗೆದ್ದು ಅಲ್ಲಿ ಕೂತು ಏನ್ ಹೇಳ್ಲಿ?"

ಆ ಅಪಾರ್ಟ್‌ಮೆಂಟಿನಿಂದಲೇ ಬಸ್ ಸ್ಟಾಪಿನ ವಿಷಯ ಬಂದದ್ದು. ಮನೆ ಮನೆಯಲ್ಲೂ ಅದೇ ಮಾತು. ಗುಡ್ಡದ ಸ್ಟಾಪು ಶಾಲೆಗೆ ಹತ್ತಿರವಿದೆ, ಮಕ್ಕಳು ನಡೆದುಬರಬಹುದು, ಮುಂದಿನ ವರ್ಷದಿಂದ ತೆಗೆದುಹಾಕುತ್ತೇವೆ ಎಂದು ಬೋರ್ಡಿನಿಂದ ಈಮೇಲ್ ಬಂದಿತ್ತು. ನಕ್ಷೆಯಲ್ಲಿ ನೋಡಿದರೆ ಹತ್ತಿರವೇ. ಆದರೆ ದಾರಿಯಲ್ಲಿ ಒಂದು ತಿರುವು ಇದೆ. ಫುಟ್‌ಪಾತಿಲ್ಲ, ಒಂದು ಕಡೆ ಚರಂಡಿ, ಇನ್ನೊಂದು ಕಡೆ ಬ್ಲ್ಯಾಕ್‌ಬೆರಿ ಮುಳ್ಳು. ನವೆಂಬರ್ ಡಿಸೆಂಬರಿನಲ್ಲಿ ಶಾಲೆಯ ಹೊತ್ತಿಗೆ ಇನ್ನೂ ಕತ್ತಲೆ. ಅದು ನನ್ನ ರೂಟು. ನನ್ನ ಸ್ಟಾಪು.

ನೀನೇನು ಹೇಳುತ್ತೀ ಎಂದು ಅಕ್ಕ ಕೇಳಿದರು. ನಾನು ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡೇ ಹೇಳಿದೆ: "ಮಳೆ ಹುಯ್ಯೋ ಬೆಳಿಗ್ಗೆ ಆ ತಿರುವಲ್ಲಿ ಯಾರಾದ್ರೂ ನಡ್ಕೊಂಡ್ ಹೋಗ್ತಿದ್ರೆ ನನಗೇ ಕಾಣೋದು ಕೊನೇ ಗಳಿಗೇಲಿ. ನಾನು ಅಷ್ಟೆತ್ತರದಲ್ಲಿ ಕೂತವ್ನು. ಕೆಳಗೆ ಕಾರಲ್ಲಿ ಕೂತವ್ನಿಗೆ ಇನ್ನೇನ್ ಕಂಡಾತು?"

ಅಕ್ಕ ನೋಟ್‌ಬುಕ್ ತೆಗೆದು ಬರೆದುಕೊಂಡರು, ನನಗೇ ಓದಿ ಹೇಳಿದರು. ಆಮೇಲೆ ಅಂದರು, "ಇದನ್ನ ನೀನ ಬೋರ್ಡಿನ ಮುಂದ ಹೇಳಬೇಕು. ಮೀಟಿಂಗಿನ್ಯಾಗ ಯಾರು ಬೇಕಾದರೂ ಮಾತಾಡಬಹುದು. ಎರಡು ನಿಮಿಷ. ನಾ ಹೇಳಿದರ ಓಟಿಗಾಗಿ ಹೇಳ್ಯಾಳ ಅಂತಾರ. ನೀ ಕಂಡಾಂವ."

ಹ್ಞೂಂ ಅಂದೆ. ಒಂದು ವಾರ ಅಭ್ಯಾಸ ಮಾಡಿದೆ. ಇಂಗ್ಲಿಷ್ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಒಂದು ಕಾರ್ಡಿನ ಮೇಲೆ ಬರೆದುಕೊಂಡೆ. ಬಸ್ಸು ತೊಳೆಯುವಾಗ ಜೋರಾಗಿ ಹೇಳಿ ನೋಡಿದೆ. ಬಾಯಿಪಾಠವೇ ಆಗಿತ್ತು. ಮೀಟಿಂಗಿನ ದಿನ ಸಂಜೆ ಇಸ್ತ್ರಿ ಮಾಡಿದ ಶರ್ಟು ಹಾಕಿ ಅಕ್ಕನನ್ನು ಕರೆದುಕೊಂಡು ಹೋದೆ. ಚೀಟಿಯಲ್ಲಿ ಹೆಸರು ಬರೆದುಕೊಟ್ಟೆ. ಅಪಾರ್ಟ್‌ಮೆಂಟಿನಿಂದ ಐದಾರು ಜನ ಬಂದಿದ್ದರು.

ಮೈಕಿನಲ್ಲಿ ನನ್ನ ಹೆಸರು ಕೂಗಿದರು. ನಾನು ಏಳಲಿಲ್ಲ.

ಎರಡನೇ ಸಲ ಕೂಗಿದರು. ಅಕ್ಕ ನನ್ನ ಕಡೆ ತಿರುಗಿದರು. ಕಾರ್ಡು ನನ್ನ ಬೆವರಿಗೆ ಮೆತ್ತಗಾಗಿತ್ತು. ಆ ಗಳಿಗೆಯಲ್ಲಿ ನನಗೆ ಕಂಡದ್ದು ಆ ಮೈಕಲ್ಲ, ಎಂಟನೇ ಕ್ಲಾಸಿನ ಬೆಂಚು. ಮೇಷ್ಟ್ರು ಇಂಗ್ಲಿಷ್ ಪಾಠ ಓದು ಎಂದು ಎಬ್ಬಿಸಿ ನಿಲ್ಲಿಸಿದ್ದು, ನನ್ನ ಮೊದಲ ಸಾಲಿಗೇ ಇಡೀ ಕ್ಲಾಸು ನಕ್ಕಿದ್ದು. ಮನೆಯ ಕಷ್ಟಕ್ಕೆ ಶಾಲೆ ಬಿಟ್ಟೆ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಕಷ್ಟವೂ ಇತ್ತು ನಿಜ. ಆದರೆ ಮಾರನೆಯ ದಿನ ಬೆಳಿಗ್ಗೆ ನಾನು ಬಸ್ ಸ್ಟ್ಯಾಂಡಿನ ದಾರಿ ಹಿಡಿದದ್ದು ಆ ನಗೆಗೆ... ಇದನ್ನು ಹೆಂಡತಿಗೂ ಹೇಳಿರಲಿಲ್ಲ.

ಸರಿ, ಮುಂದಿನವರು ಬನ್ನಿ ಅಂದರು. ಸ್ವಲ್ಪ ಹೊತ್ತಿಗೆ ಅಕ್ಕನ ಸರದಿ ಬಂತು. ತಮ್ಮ ಬಗ್ಗೆ ಹೇಳಲು ಟೈಪ್ ಮಾಡಿ ತಂದಿದ್ದ ಹಾಳೆಯನ್ನು ಅವರು ಕುರ್ಚಿಯ ಮೇಲೆಯೇ ಬಿಟ್ಟು, ನೋಟ್‌ಬುಕ್ ಹಿಡಿದು ಹೋದರು. ನಮ್ಮ ಶಾಲೆಯ ಒಬ್ಬ ಡ್ರೈವರ್ ನನಗೆ ಹೇಳಿದ್ದು ಇದು ಎಂದು, ನನ್ನ ಮಾತನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ಓದಿದರು. ಕೊನೆಯ ಗಳಿಗೆ, ಎತ್ತರ, ಕಾರಲ್ಲಿ ಕೂತವನು, ಯಾವುದನ್ನೂ ಬಿಡಲಿಲ್ಲ, ತಮ್ಮದೊಂದು ಮಾತನ್ನೂ ಸೇರಿಸಲಿಲ್ಲ. ಬೋರ್ಡಿನವರಲ್ಲಿ ಒಬ್ಬರು ಪೆನ್ನು ಎತ್ತಿ ಬರೆದುಕೊಂಡದ್ದನ್ನು ನಾನೇ ನೋಡಿದೆ. ಅಪಾರ್ಟ್‌ಮೆಂಟಿನವರು ತಿರುಗಿ ನನ್ನನ್ನು ನೋಡಿದರು. ಅವರ ನೋಟ ಒಳ್ಳೆಯದೇ ಇತ್ತು, ಈಗ ಗೊತ್ತಾಗುತ್ತದೆ. ಆಗ ನನ್ನ ಕಿವಿ ಸುಡುತ್ತಿತ್ತು.

ಕಾರಿನಲ್ಲಿ ಕೂತ ಕೂಡಲೇ ಕೇಳಿದೆ, "ನನ್ ಮಾತು ನೀವ್ಯಾಕೆ ಹೇಳಿದ್ರಿ ಅಕ್ಕ?"

"ನೀ ಹೇಳಲಿಲ್ಲಲ್ಲೋ ತಮ್ಮಾ. ಮಾತು ಅಲ್ಲೇ ಉಳೀತಿತ್ತು."

"ಎದ್ದು ಮಾತಾಡಕ್ಕೆ ಬರದವ್ನು ಅಂತ ಎಲ್ಲರಿಗೂ ಗೊತ್ತಾಯ್ತು."

"ಎಲ್ಲರಿಗೂ ಗೊತ್ತಾಗಿದ್ದು ಆ ತಿರುವು," ಅಂದರು ಅಕ್ಕ.

ನಾನು ಕಾರು ಶುರು ಮಾಡಿದೆ. ಅವರ ಮನೆ ಮುಂದೆ ಇಳಿಸುವಾಗ ಮಾತ್ರ ಹೇಳಿದೆ, "ಮುಂದಿನ ಶನಿವಾರದಿಂದ ನನಗೆ ಟ್ರಿಪ್ ಇದೆ, ಬರಕ್ಕಾಗಲ್ಲ." ಶಾಲೆಯ ಆಟದ ತಂಡಗಳನ್ನು ಶನಿವಾರ ಬೇರೆ ಊರಿಗೆ ಕರೆದೊಯ್ಯುವುದು ಉಂಟು, ಅವಕ್ಕೆ ಟ್ರಿಪ್ ಅನ್ನುತ್ತೇವೆ. ಅಕ್ಕ ನನ್ನ ಮುಖವನ್ನೇ ನೋಡಿದರು. "ಆತು. ಸಾವಕಾಶ ಓಡಸು," ಅಂದು ಒಳಗೆ ಹೋದರು.

ಚುನಾವಣೆಗೆ ಉಳಿದಿದ್ದದ್ದು ಮೂರೇ ಶನಿವಾರ. ಆ ಮೂರೂ ಶನಿವಾರ ಬೆಳಿಗ್ಗೆ ನಾನು ಪರದೆಯ ಸಂದಿಯಿಂದ ನೋಡಿದೆ. ನೀಲಿ ಮಳೆಕೋಟು, ಹೆಗಲಿಗೆ ಚೀಲ, ಒಂದು ಕೈಯಲ್ಲಿ ಕೊಡೆ. ಬೀದಿಯ ಕೊನೆಗೆ ನಡೆದು ಅವರು ಸಿಟಿ ಬಸ್ಸಿಗೆ ಕಾಯುವರು. ನನ್ನ ಕಾರು ಬಾಗಿಲಲ್ಲೇ ನಿಂತಿರುತ್ತಿತ್ತು. ಟ್ರಿಪ್ಪಿಗೆ ಹೋದವನ ಕಾರು ಬಸ್ ಡಿಪೋದಲ್ಲಿರುತ್ತದೆ, ಅಂಗಳದಲ್ಲಲ್ಲ, ಅಷ್ಟು ಅವರಿಗೆ ತಿಳಿಯದೇ ಇರುತ್ತದೆಯೇ? ಒಂದು ದಿನ ಹೆಂಡತಿ ಪರದೆಯ ಹತ್ತಿರ ನಿಂತಿದ್ದ ನನ್ನನ್ನು ನೋಡಿ, "ಅಷ್ಟು ನೋಡೋನು ಹೋಗಿ ಬಿಟ್ ಬಾ," ಅಂದಳು. ಶೂ ಹಾಕಿಕೊಂಡೆ. ಮತ್ತೆ ಬಿಚ್ಚಿದೆ.

ನಾನು ಇಲ್ಲಿನ ಪೌರತ್ವ ಪಡೆದವನು, ನನ್ನ ಓಟನ್ನೇನೋ ಅವರಿಗೇ ಹಾಕಿದೆ. ಇಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ, ಗುರುತು ಹಾಕಿ ಲೈಬ್ರರಿಯ ಮುಂದಿನ ಡಬ್ಬಿಯಲ್ಲಿ ಲಕೋಟೆ ಹಾಕಿ ಬಂದೆ. ಅದನ್ನು ದೊಡ್ಡ ಪ್ರಾಯಶ್ಚಿತ್ತ ಎಂದು ಆಗ ಅಂದುಕೊಂಡಿದ್ದೆ.

ಅಕ್ಕ ಸೋತರು. ಚೆನ್ನಾಗಿಯೇ ಸೋತರು, ಕೂದಲೆಳೆಯ ಮಾತೇನಿಲ್ಲ. ನಾನು ಆ ಮೂರು ಶನಿವಾರ ಕಾರು ಓಡಿಸಿದ್ದರೂ ಗೆಲ್ಲುತ್ತಿರಲಿಲ್ಲ. ಹಾಗೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸಮಾಧಾನವಾಗಲಿಲ್ಲ. ಗೆಲ್ಲುವ ಸೋಲುವ ಪ್ರಶ್ನೆ ಅಲ್ಲವಲ್ಲ ಅದು.

ಫಲಿತಾಂಶ ಬಂದ ಮರುವಾರ ಅವರೇ ರಸ್ತೆ ದಾಟಿ ಬಂದರು. ತೋಳಿನ ತುಂಬ ಈ ತಂತಿಗಳು. ಫಲಕಗಳನ್ನು ಕಿತ್ತು ಬಿಸಾಡಿ, ತಂತಿಗಳನ್ನು ಮಾತ್ರ ದಾರದಿಂದ ಕಟ್ಟಿ ತಂದಿದ್ದರು.

"ತಗೋ ತಮ್ಮಾ, ನಿನ್ನ ವಟಾಣಿ ಬಳ್ಳಿಗೆ. ನನ್ನ ಹೆಸರನ್ನಂತೂ ಎತ್ತಿ ಹಿಡೀಲಿಲ್ಲ, ವಟಾಣೀನರ ಹಿಡೀಲಿ."

ನಗು ಬಂತು, ಇಬ್ಬರಿಗೂ. ಆಮೇಲೆ ಅವರು ನಗು ನಿಲ್ಲಿಸಿ ಅಂದರು, "ಅವತ್ತು ನಿನ್ನ ಕೇಳಲಾರದ ಓದಿದೆ. ಅದು ನಂದು ತಪ್ಪಾತು. ಎಲ್ಲಾರನೂ ಕೇಳ್ತೀನಿ ಅಂತ ಹೊಂಟಾಕಿ, ಬಾಜೂ ಕೂತಾಂವನ್ನ ಕೇಳಲಿಲ್ಲ."

ಆ ಗಳಿಗೆಯಲ್ಲಿ ನಾನು ಹೇಳಬೇಕಾಗಿತ್ತು. ತಪ್ಪು ನಿಮ್ಮದಲ್ಲ ಅಕ್ಕ, ನನಗೆ ಟ್ರಿಪ್ ಇರಲಿಲ್ಲ, ಪರದೆಯ ಹಿಂದೆ ನಿಂತಿದ್ದೆ ಎಂದು. ನಾಲಿಗೆಯ ತುದಿಯವರೆಗೂ ಬಂದಿತ್ತು. ದುಡಿದು ತಿನ್ನುವವನಿಗೆ ಬೆನ್ನು ನೆಟ್ಟಗಿರಬೇಕು, ಸರಿ. ಆದರೆ ನೆಟ್ಟಗಿರುವುದಕ್ಕೂ ಬಗ್ಗಲು ಬರದೇ ಇರುವುದಕ್ಕೂ ವ್ಯತ್ಯಾಸವಿದೆ. ಅದು ನನಗೆ ತಡವಾಗಿ ತಿಳಿಯಿತು. "ಒಳಗ್ ಬನ್ನಿ ಅಕ್ಕ, ಕಾಫಿ ಕುಡೀರಿ," ಅಂದೆ, ಅಷ್ಟೇ. ಅವರು ಬಂದು ಕುಡಿದರು. ಬಸ್ಸಿನ ಬಗ್ಗೆ, ಚಳಿಯ ಬಗ್ಗೆ ಮಾತಾಡಿದೆವು...

ವಸಂತದಲ್ಲಿ ಬೋರ್ಡಿನಿಂದ ಪತ್ರ ಬಂತು. ಗುಡ್ಡದ ಸ್ಟಾಪು ತೆಗೆಯುವುದಿಲ್ಲ, ರಸ್ತೆ ಸರಿಯಾಗುವವರೆಗೂ ಬಸ್ಸು ಬರುತ್ತದೆ ಎಂದು. ಅಕ್ಕನಿಗೆ ಓದಿ ಹೇಳಿದೆ. ತಡವರಿಸುತ್ತಾ ಇಂಗ್ಲಿಷಿನಲ್ಲೇ ಓದಿದೆ. ಅವರು ಒಂದು ಕಡೆಯೂ ತಿದ್ದಲಿಲ್ಲ, ಕಣ್ಣು ಮುಚ್ಚಿ ಕೇಳಿದರು. ಆ ವರ್ಷವೇ ಅವರ ಕಣ್ಣು ಮತ್ತೆ ಕೆಟ್ಟಿತು. ಮಗಳು ಬಂದು ಮನೆ ಮಾರಿ ಟೆಕ್ಸಾಸಿಗೆ ಕರೆದುಕೊಂಡು ಹೋದಳು. ಆಗೊಮ್ಮೆ ಈಗೊಮ್ಮೆ ಫೋನ್ ಮಾಡುತ್ತಿದ್ದರು. "ಹಿಂದಿನ ಸೀಟಿನ ತನಕಾ ಹೋಗಿ ನೋಡಿದಿ?" ಎಂದು ಕೇಳಿಯೇ ಇಡುವರು. ಪ್ರತಿ ಸಲವೂ ಇವತ್ತು ಹೇಳಿಬಿಡೋಣ ಅಂದುಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಅಪಾರ್ಟ್‌ಮೆಂಟಿನವರ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೋ ಬಂತು, ಕೆಳಗೆ ಕೈಮುಗಿದ ಚಿತ್ರಗಳ ಸಾಲು. ನಾನು ಆ ಹೊತ್ತಿಗೆ ಅದೇ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿಕೊಂಡು ಮಕ್ಕಳು ಹತ್ತುವುದನ್ನು ಕಾಯುತ್ತಿದ್ದೆ.

ಮೊನ್ನೆ ಜಗಲಿಯ ಮೇಲೆ ತಂತಿಗಳನ್ನು ಒಟ್ಟು ಮಾಡುತ್ತಿದ್ದಾಗ ಒಬ್ಬ ಹುಡುಗ ಬಂದ. ಮೂವತ್ತು ಮೂವತ್ತೈದು ಇರಬಹುದು, ನನಗೆ ಹುಡುಗನೇ. ಈ ಸಲದ ಸ್ಕೂಲ್ ಬೋರ್ಡಿನ ಅಭ್ಯರ್ಥಿಯಂತೆ. ಕೈಗೆ ಕಾಗದ ಕೊಟ್ಟ, ನಕ್ಕ, ಶಾಲೆಗಳ ಬಗ್ಗೆ ನಿಮಗೇನಾದರೂ ಹೇಳುವುದಿದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಇದೆ ಅಂದೆ. ನನ್ನ ಇಂಗ್ಲಿಷಿನಲ್ಲೇ ಆ ತಿರುವಿನ ಬಗ್ಗೆ ಹೇಳಿದೆ. ಸ್ಟಾಪು ಉಳಿದಿದೆ, ಆದರೆ ಸಂಜೆ ಕ್ಲಾಸು ಮುಗಿಸಿ ಬರುವ ಮಕ್ಕಳಿಗೆ ಬಸ್ಸಿಲ್ಲ, ಅವರು ಇಂದಿಗೂ ಅದೇ ಚರಂಡಿಯ ಪಕ್ಕ ನಡೆಯುತ್ತಾರೆ, ಬಸ್ಸಿನಲ್ಲಿ ಕೂತ ನನಗೇ ಅವರು ಕಾಣುವುದು ಕೊನೆಯ ಗಳಿಗೆಯಲ್ಲಿ ಎಂದೆ. ಅವನು ತಲೆಯಾಡಿಸಿ ಫೋನಿನಲ್ಲಿ ಏನೋ ಒತ್ತಿದ. ಥ್ಯಾಂಕ್ಸ್ ಹೇಳಿ ಮೆಟ್ಟಿಲು ಇಳಿಯಹೊರಟ.

ನಿಲ್ಲು, ನಾನೇನು ಹೇಳಿದೆ, ಓದಿ ಹೇಳು ಅಂದೆ.

ಅವನು ಫೋನು ನೋಡಿಕೊಂಡ. ಸಾರಿಗೆ ಎಂಬ ಒಂದು ಚೌಕಕ್ಕೆ ಗುರುತು ಹಾಕಿದ್ದ, ಅಷ್ಟೇ. ಮುಖ ಕೆಂಪಾಯಿತು. ಇನ್ನೂ ಬಹಳ ಮನೆಗಳಿವೆ ಅಂದ. ಇರಲಿ, ಕಾಫಿ ಕುಡಿದುಕೊಂಡು ಹೋಗು ಎಂದು ಕುರ್ಚಿ ಎಳೆದೆ. ತನ್ನ ಪಟ್ಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕೂತ. ನಾನು ಮತ್ತೆ ಮೊದಲಿನಿಂದ ಹೇಳಿದೆ, ಅವನು ಬರೆದುಕೊಂಡು ಓದಿದ. ಕೊನೆಯ ಗಳಿಗೆ ಎಂಬುದನ್ನು ಬಿಟ್ಟಿದ್ದ. ಅದನ್ನು ಸೇರಿಸು ಅಂದೆ. ಸೇರಿಸಿ ಮತ್ತೆ ಓದಿದ.

ಅವನು ಹೋದ ಮೇಲೆ ತಂತಿಗಳನ್ನು ಅದೇ ಹಳೆಯ ದಾರದಿಂದ ಕಟ್ಟಿದೆ. ಎದುರುಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ, ಒಳ್ಳೆಯವರೇ, ಕೈ ಬೀಸುತ್ತಾರೆ. ಅಕ್ಕ ನಿಲ್ಲುತ್ತಿದ್ದ ಬೇಲಿಯನ್ನು ತೆಗೆಸಿ ಹೊಸದು ಹಾಕಿಸಿದ್ದಾರೆ. ಅವತ್ತು ಅಲ್ಲಿ ಯಾರೂ ಇರಲಿಲ್ಲ. "ಆ ಮೂರು ಶನಿವಾರ ನನಗೆ ಯಾವ ಟ್ರಿಪ್ಪೂ ಇರಲಿಲ್ಲ ಅಕ್ಕ," ಅಂದೆ. ಬಾಯಿಬಿಟ್ಟೇ ಅಂದೆ.

ಬರೆದುಕೊಂಡು ಓದಿ ಹೇಳಲು ಆ ಕಡೆ ಯಾರೂ ಇರಲಿಲ್ಲ.